ಮಡಿಲಲ್ಲೊಂದು ಪರದೆ, ಗೋಡೆಯಲ್ಲೊಂದು ಪರದೆ

ಟಿವಿಗೆ ಜೋಡಿಸುವ ಆಟದ ಯಂತ್ರ ವೀ ಯುವಿನ ಗೇಮ್‌ಪ್ಯಾಡ್, ಅಂದರೆ ನಡುವೆ ಪರದೆಯಿರುವ ಕಂಟ್ರೋಲರ್, ಕೈಗೆ ಬಂದ ಕೂಡಲೇ ಎಲ್ಲರೂ ಎರಡು ಬೆರಳಿಟ್ಟು ಮ್ಯಾಪ್ ಹಿಗ್ಗಿಸಲು ಹೋಗುತ್ತಾರೆ. ಅದು ಹಿಗ್ಗುವುದಿಲ್ಲ. 2012ರಲ್ಲಿ ನಿಂಟೆಂಡೊ ಅದಕ್ಕೆ ಹಾಕಿದ್ದು ಒತ್ತಿದರಷ್ಟೇ ಅರ್ಥವಾಗುವ 6.2 ಇಂಚಿನ ಪರದೆ. ಒಂದು ಸಲಕ್ಕೆ ಒಂದೇ ಬೆರಳು. ಉಗುರಾದರೂ ಆದೀತು, ಕಡ್ಡಿಯಾದರೂ ಆದೀತು.

ಟಿವಿಯಲ್ಲಿ ಜಾಗ ತಿನ್ನುವ ಸಾಮಾನನ್ನು ಕೆಳಗಿಳಿಸಿಕೊಂಡರೆ ಎರಡನೇ ಪರದೆ ಬಲು ಉಪಕಾರಿ. ವಿಂಡ್ ವೇಕರ್ ಎಚ್‌ಡಿ ಆಟದಲ್ಲಿ ಚೀಲವೂ ನಕ್ಷೆಯೂ ಮಡಿಲಲ್ಲೇ ಇರುತ್ತವೆ. ಘಳಿಗೆಗೊಮ್ಮೆ ಮೆನು ತೆರೆಯುವ ತಾಪತ್ರಯವಿಲ್ಲ. ಜಾಂಬಿ ಯು ಎಂಬ ಆಟ ಮಾತ್ರ ಇದೇ ಸೌಲಭ್ಯವನ್ನು ಬೇಕೆಂದೇ ಶಿಕ್ಷೆಯಾಗಿಸಿದೆ: ನೀವು ತಲೆ ತಗ್ಗಿಸಿ ಬ್ಯಾಗು ತಡಕುವಾಗ ಆಟ ನಿಲ್ಲುವುದಿಲ್ಲ. ಬಸ್ಸಿಳಿಯುವ ಹೊತ್ತಿಗೆ ಚಿಲ್ಲರೆ ಹುಡುಕುವವರಂತೆ ನಿಮ್ಮ ಮನುಷ್ಯ ಟಿವಿಯಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಹಿಂದಿನಿಂದ ಹೆಣ ನಡೆದು ಬರುತ್ತಿರುತ್ತದೆ. ಮೊದಲು ಸುತ್ತ ನೋಡಿ, ಆಮೇಲೆ ಬ್ಯಾಗಿಗೆ ಕೈ ಹಾಕಿ.

ಎರಡನ್ನೂ ಒಟ್ಟಿಗೆ ನೋಡಬೇಕಾದಾಗಲೇ ಕಷ್ಟ. 2016ರ ಸ್ಟಾರ್ ಫಾಕ್ಸ್ ಝೀರೋದಲ್ಲಿ ವಿಮಾನ ಟಿವಿಯಲ್ಲಿ, ಕಾಕ್‌ಪಿಟ್ ಕೈಯಲ್ಲಿ. ಗುರಿಯಿಡಲು ಪ್ಯಾಡನ್ನೇ ಓಲಾಡಿಸಬೇಕು. ಕತ್ತು ಮೇಲೆ ಕೆಳಗೆ ಆಡುವುದನ್ನು ನೋಡಿದವರು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೀರಿ ಎಂದುಕೊಂಡಾರು. ಜೊತೆಗೆ ಗುರಿ ನಿಧಾನವಾಗಿ ಪಕ್ಕಕ್ಕೆ ಜಾರುತ್ತದೆ. ಅದನ್ನು ಆಗಾಗ ನಡುವಿಗೆ ತಂದುಕೊಳ್ಳದಿದ್ದರೆ ಶತ್ರುವಿಗೆ ಗುಂಡು ಹಾರಿಸಲು ಸೋಫಾದ ಕೈಯತ್ತ ತಿರುಗಿ ಕೂರಬೇಕಾಗುತ್ತದೆ.

ಗುಟ್ಟು ಮಾಡುವುದಕ್ಕಂತೂ ಇದರಷ್ಟು ಒಳ್ಳೆಯದಿಲ್ಲ. ನಿಂಟೆಂಡೊ ಲ್ಯಾಂಡ್‌ನ ಒಂದು ಆಟದಲ್ಲಿ ಪ್ಯಾಡ್ ಹಿಡಿದವನೇ ದೆವ್ವ, ಟಿವಿ ನೋಡುವ ನಾಲ್ವರಿಗೆ ಅವನು ಕಾಣುವುದಿಲ್ಲ. ಹತ್ತಿರ ಬಂದಾಗ ಅವರ ಕೈಯ ಆಟದ ರಿಮೋಟ್ ನಡುಗುತ್ತದೆ, ಅಷ್ಟೇ. ಪ್ಯಾಡಿನವನು ಎಲ್ಲರ ಹಿಂದೆ ಕೂರಲಿ. ಪಕ್ಕದಲ್ಲಿ ಕೂತರೆ ಇಣುಕುವವರು ಇದ್ದೇ ಇರುತ್ತಾರೆ.

ಮಾತು ಎರಡೆರಡು ಸಲ ಕೇಳಿಸಿದರೆ ಪ್ಯಾಡ್ ಕೆಟ್ಟಿದೆ ಎಂದು ಬಡಿಯಬೇಡಿ. ಟಿವಿ ಚಿತ್ರಕ್ಕೆ ಅಲಂಕಾರ ಮಾಡುತ್ತಾ ತಡ ಮಾಡುತ್ತದೆ, ಪ್ಯಾಡ್ ಅಷ್ಟರಲ್ಲಿ ಮಾತಾಡಿ ಮುಗಿಸಿರುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಆಗಲೂ ಹೋಗದಿದ್ದರೆ ಪ್ಯಾಡಿನ ವಾಲ್ಯೂಮ್ ಸೊನ್ನೆಗೆ ಇಳಿಸಿ.

ಇನ್ನು ಬ್ಯಾಟರಿ. 1500 ಎಂಎಎಚ್, ಮೂರರಿಂದ ಐದು ಗಂಟೆ. ಬೆಳಕು ತಗ್ಗಿಸಿದರೆ ಐದರ ಕಡೆಗೆ, ಪೂರ್ತಿ ಇಟ್ಟರೆ ಮೂರರ ಕಡೆಗೆ. ದೊಡ್ಡ ರಾಕ್ಷಸ ಎದುರಾಗುವ ಹೊತ್ತಿಗೆ ಚಾರ್ಜರಿನ ತಂತಿ ಸೋಫಾದವರೆಗೆ ಒಂದು ಗೇಣು ಸಾಲದೆ ನಿಂತಿರುತ್ತದೆ.