ಧಾರೆ ಮುಗಿಯದ ಮದುವೆ

ದಾಖಲೆ ಪ್ರಕಾರ ನನ್ನ ಮದುವೆ ಇನ್ನೂ ಪೂರ್ತಿ ಆಗಿಲ್ಲ. ಇದು ತುಮಕೂರಿನ ನನ್ನ ಮಾವನವರ ಅಭಿಪ್ರಾಯ. 2007ರ ನಮ್ಮ ಮದುವೆ ಡಿವಿಡಿ ಅವರ ಮನೆ ಪ್ಲೇಯರಿನಲ್ಲಿ ಸರಿಯಾಗಿ ಧಾರೆ ಹೊತ್ತಿಗೆ ನಿಲ್ಲುತ್ತದೆ. ಅತ್ತೆ ಗಿಂಡಿ ಎತ್ತುತ್ತಾರೆ, ಚಿತ್ರವೆಲ್ಲ ಚೌಕ ಚೌಕ ಆಗುತ್ತದೆ, ನನ್ನ ಮೂಗು ಪುರೋಹಿತರ ಕೆನ್ನೆ ಮೇಲೆ ಹೋಗಿ ಕೂರುತ್ತದೆ. ಆಮೇಲೆ ನೇರ ಊಟದ ಪಂಕ್ತಿ. "ಧಾರೆ ಆಗದೇ ಊಟಕ್ಕೆ ಕೂತ್ಬಿಟ್ಟಿದ್ದೀರಿ ಅಳಿಯಂದ್ರೆ" ಅಂತ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ.

ಪೆನ್‌ಡ್ರೈವ್‌ಗೆ ಹಾಕಿಕೊಡ್ತೀನಿ ಅಂದೆ. ಒಪ್ಪಲಿಲ್ಲ. ಅದರ ಮೇಲೆ ಹೆಸರು ಬರೆಯೋಕೆ ಜಾಗ ಇಲ್ಲವಂತೆ.

ಅದೃಷ್ಟಕ್ಕೆ ನಾದಿನಿ ಹತ್ತಿರ ಇದ್ದ ಇನ್ನೊಂದು ಪ್ರತಿ ಚೆನ್ನಾಗಿತ್ತು. ಹೋದ ಭಾನುವಾರ ಅದನ್ನು ಹಿಡಿದು ಹೊರಟೆ. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಎಂ.ಜಿ. ರಸ್ತೆಯಲ್ಲಿ ಖಾಲಿ ಡಿವಿಡಿ ಹುಡುಕಿದೆ. ನಾಲ್ಕನೇ ಅಂಗಡಿಯ ಹುಡುಗ ಸ್ಟೂಲ್ ಹತ್ತಿ ಅಟ್ಟದಿಂದ ಒಂದು ಕಟ್ಟು ತೆಗೆದು ಊದಿದ. ಧೂಳೆಲ್ಲ ನನ್ನ ಮುಖಕ್ಕೆ ಬಂತು. "ಆಟೋ ಹಿಂದೆ ಕಟ್ಟೋಕಾ ಅಣ್ಣ?" ಅಂದ.

ಮಾವನ ಹಳೇ ಕಂಪ್ಯೂಟರಿನಲ್ಲಿ ಡಿಸ್ಕ್ ಬರೆಯೋ ರೈಟರ್ ಇತ್ತು, ಬರೆಸೋ ಸಾಫ್ಟ್‌ವೇರ್ ಇರಲಿಲ್ಲ. ಒಂದು ದೊಡ್ಡ ಹೆಸರಿನದ್ದನ್ನೇ ಇಳಿಸಿಕೊಂಡೆ. ಇನ್‌ಸ್ಟಾಲ್ ಮಾಡುವಾಗ ನಾನು ನಿಮ್ಮ ಹಾಗೇ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್. ಆದರೆ ಪಕ್ಕದಲ್ಲಿ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಓದದೇ ಸಹಿ ಹಾಕುವವನನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ.

"ನಿಲ್ಲಿ. ಒಪ್ಪಿದ್ದೀನಿ ಅಂದ್ರಲ್ಲ, ಏನನ್ನ ಒಪ್ಪಿದ್ರಿ?"

"ಎಲ್ಲರೂ ಸುಮ್ನೆ ಒತ್ತುತ್ತಾರೆ ಮಾವ."

"ಎಲ್ಲರೂ ಕೋರ್ಟಿಗೂ ಅಲೀತಾರೆ."

ಕನ್ನಡಕ ಬಂತು. ಪೆನ್ಸಿಲ್ ಬಂತು. ಪರದೆಯ ಮೇಲೆ ಸಾಲು ಸಾಲಿಗೂ ಪೆನ್ಸಿಲ್ ತುದಿ ಇಟ್ಟು ಓದತೊಡಗಿದರು, ಗಟ್ಟಿಯಾಗಿ. ಆ ಒಪ್ಪಂದ ಒಂದು ಸಣ್ಣ ಕಿಟಕಿಯಲ್ಲಿ ಆರೇಳು ಸಾಲು ಮಾತ್ರ ಕಾಣುತ್ತದೆ. ನಾನು ಇಲಿಯ ಚಕ್ರ ಉರುಳಿಸಬೇಕು, ಅವರು ಓದಬೇಕು. ಸ್ವಲ್ಪ ಜಾಸ್ತಿ ಉರುಳಿದರೆ "ಹಿಂದಕ್ಕೆ!" ಮೊದಲ ಪುಟದಲ್ಲೇ ಸಿಕ್ಕಿಬಿದ್ದಿತು: ಈ ಸಾಫ್ಟ್‌ವೇರ್ ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದೆ ಅಷ್ಟೇ.

"ನೋಡಿದ್ರಾ? ಇದು ಕ್ರಯ ಅಲ್ಲ."

"ಹಂಗಾದ್ರೆ ಭೋಗ್ಯ ಅಂದ್ಕೊಳ್ಳಿ ಮಾವ."

"ಭೋಗ್ಯ ಹೆಂಗಾಗುತ್ತೆ? ಭೋಗ್ಯ ಆಗಿದ್ರೆ ಬಿಡುವಾಗ ದುಡ್ಡು ವಾಪಸ್ ಬರ್ಬೇಕಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗಿಂದ ಅತ್ತೆ ಕಾಫಿ ಕಳಿಸಿದರು. ಆರಿತು. ಮತ್ತೆ ಕಳಿಸಿದರು. ಮುಕ್ಕಾಲು ಗಂಟೆ ಆದ ಮೇಲೆ ಮಾವ ಕನ್ನಡಕ ತೆಗೆದು ಷರಾ ಬರೆಸಿದರು. ಚಕ್ಕುಬಂದಿ ಇಲ್ಲ, ಸಾಕ್ಷಿ ಇಲ್ಲ, ಇದು ನಿಲ್ಲುವ ಪತ್ರ ಅಲ್ಲ. ಆದರೂ ಒತ್ತಿ.

ಮುಂದೆ 'ಟಿಪಿಕಲ್' ಇಲ್ಲಾ 'ಕಸ್ಟಮ್' ಅಂತ ಬಂತು. ಕಸ್ಟಮ್ ಒತ್ತಿದೆ. ಆಹಾ, ಏನು ಸಂಸಾರ! ಹಾಡು ಜೋಡಿಸೋದು, ಫೋಟೋ ಮೆರವಣಿಗೆ, ಕವರ್ ಡಿಸೈನ್, ಬ್ಯಾಕಪ್, ಬ್ರೌಸರ್‌ಗೊಂದು ಟೂಲ್‌ಬಾರ್. ನನಗೆ ಬೇಕಿದ್ದದ್ದು ಒಂದು ಡಿಸ್ಕ್ ರೈಟ್ ಮಾಡೋದು. ಹೆಣ್ಣು ನೋಡೋಕೆ ಹೋದರೆ ಊರೇ ಬಂದು ಜಮಖಾನದ ಮೇಲೆ ಕೂತ ಹಾಗೆ. ಒಂದೊಂದೇ ಟಿಕ್ ತೆಗೆದೆ. ಭಾಷೆಗಳ ಪಟ್ಟಿಯಲ್ಲಿ ಫಿನ್ನಿಷ್ ಇತ್ತು, ಕನ್ನಡ ಇರಲಿಲ್ಲ. ಎಲ್ಲ ತೆಗೆದರೂ ಒಂದು ಟಿಕ್ ನನ್ನ ಕಣ್ಣು ತಪ್ಪಿಸಿತ್ತು. ಈಗ ಮಾವ ಬೆಳಿಗ್ಗೆ ಭಜನೆ ಹಾಡಿನ ಮೇಲೆ ಒತ್ತಿದರೆ ಈ ಸಾಫ್ಟ್‌ವೇರಿನದೇ ಪ್ಲೇಯರ್ ಎದ್ದು ಬಂದು, ರಿಜಿಸ್ಟರ್ ಮಾಡಿ ಅನ್ನುತ್ತದೆ. ಯಾರಿಗೆ ಹೇಳ್ತಾ ಇದೆ ಅಂತ ಅದಕ್ಕೆ ಗೊತ್ತಿಲ್ಲ ಪಾಪ.

ಖಾಲಿ ಡಿಸ್ಕ್ ಹಾಕಿದೆ. ಕವರಿನ ಮೇಲೆ 4.7 ಜಿಬಿ, ಪರದೆಯ ಮೇಲೆ 4.38.

"ಒತ್ತುವರಿ ಆಗಿದೆ!" ಅಂದರು ಮಾವ.

ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ, ಜಾಗ ಅಷ್ಟೇ ಇದೆ ಅಂತ ವಿವರಿಸಿದೆ. ನಂಬಲಿಲ್ಲ. 'ಬರ್ನ್' ಅನ್ನೋ ಗುಂಡಿಗೂ ತಕರಾರು. "ಮದುವೆ ಸುಡೋದು ಅಂತ ಬರೆದಿದ್ದಾನಲ್ರೀ, ಅಪಶಕುನ." ಲೇಸರ್ ಶಾಖಕ್ಕೆ ಡಿಸ್ಕಿನ ಬಣ್ಣದ ಪದರ ನಿಜವಾಗಲೂ ಸುಟ್ಟ ಹಾಗೆ ಆಗಿ ಗುರುತು ಮೂಡುತ್ತದೆ ಅಂತ ನಾನು ಬಾಯಿ ಬಿಡಲಿಲ್ಲ.

ಮೊದಲನೇ ಡಿಸ್ಕ್ ನನ್ನ ತಪ್ಪಿನಿಂದಲೇ ಹೋಯಿತು. ವಿಡಿಯೋ ಫೋಲ್ಡರನ್ನು 'ಮದುವೆ' ಅನ್ನೋ ಇನ್ನೊಂದು ಫೋಲ್ಡರಿನ ಒಳಗೆ ಇಟ್ಟಿದ್ದೆ. ಪ್ಲೇಯರ್ ಹೊಸಿಲಲ್ಲೇ ಹುಡುಕುತ್ತದೆ, ನಡುಮನೆಗೆ ಬರುವುದಿಲ್ಲ. ಎರಡನೆಯದು ತೊಂಬತ್ತೇಳು ಪರ್ಸೆಂಟ್ ಮುಟ್ಟಿತ್ತು. ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಕುಂಯ್ ಅಂದು ಕಣ್ಣು ಮುಚ್ಚಿತು. ಒಮ್ಮೆ ಬರೆದರೆ ಮತ್ತೆ ತಿದ್ದೋಕಾಗದ ಡಿಸ್ಕ್ ಅದು. ಮಾವನಿಗೆ ಮಾತ್ರ ಇದು ಬಹಳ ಹಿಡಿಸಿತು. "ಮೊಹರು ಬಿದ್ದ ಮೇಲೆ ಹಾಗೇ ಇರ್ಬೇಕು."

ಮೂರನೆಯದನ್ನು ಬರೆಯೋ ವೇಗ ಇಳಿಸಿ, ನಿಧಾನವಾಗಿ ಬರೆಸಿದೆ. ಅಷ್ಟು ಹೊತ್ತೂ ಯಾರೂ ಫ್ಯಾನ್ ಸ್ವಿಚ್ಚನ್ನೂ ಮುಟ್ಟಲಿಲ್ಲ.

ಸಂಜೆ ಎಲ್ಲರೂ ಟಿವಿ ಮುಂದೆ ಕೂತೆವು. ಅತ್ತೆ ಗಿಂಡಿ ಎತ್ತಿದರು. ಚೌಕ ಬರಲಿಲ್ಲ. ಹಾಲು ತೆಂಗಿನಕಾಯಿ ಮೇಲೆ ಬಿದ್ದು ನಮ್ಮ ಬೆರಳ ಸಂದಿಯಲ್ಲಿ ಇಳಿಯಿತು. ಹಿಂದೆ ಮಾವ ನಿಂತಿದ್ದರು. ತಲೆ ತುಂಬ ಕಪ್ಪು ಕೂದಲು. ಶಲ್ಯದ ತುದಿಯಲ್ಲಿ ಕಣ್ಣು ಒರೆಸಿಕೊಂಡು, ಕ್ಯಾಮೆರಾ ತಮ್ಮ ಕಡೆ ತಿರುಗಿದ್ದು ನೋಡಿ ಗಂಟಲು ಸರಿ ಮಾಡಿಕೊಂಡರು. ಈ ಮನೆಯಲ್ಲಿ ಎಷ್ಟೋ ವರ್ಷದಿಂದ ಈ ಭಾಗ ಯಾರೂ ನೋಡಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಆ ಸೀರೆ ಎಲ್ಲೋಯ್ತೋ" ಅಂದರು ಅತ್ತೆ.

ಮಾವ ಎದ್ದು ಡಿಸ್ಕ್ ಹೊರಗೆ ತೆಗೆದರು. ಮಾರ್ಕರಿನಲ್ಲಿ 'ನಕಲು' ಅಂತ ಬರೆದು, ಕೆಳಗೆ 'ಮೂಲದೊಂದಿಗೆ ತಾಳೆ ನೋಡಿದೆ' ಅಂತ ಸೇರಿಸಿ, ತಾರೀಖು ಹಾಕಿ ಸಹಿ ಮಾಡಿದರು. ಆಮೇಲೆ ಡಿಸ್ಕನ್ನೂ ಮಾರ್ಕರನ್ನೂ ನನ್ನ ಕಡೆ ತಳ್ಳಿದರು.

"ಸಾಕ್ಷಿ ಜಾಗದಲ್ಲಿ ನೀವು ಹಾಕಿ. ಓದ್ಕೊಂಡು ಹಾಕಿ."