ಸ್ವಂತ ಸಹಿಗೆ ವರ್ಷದ ಬಾಡಿಗೆ

ಊರವರ ದುಡ್ಡಿಗೆಲ್ಲ ವೋಚರ್ ಕೇಳುವುದು ಆಡಿಟರುಗಳ ಕಸುಬು. ಪೆಟ್ಟಿ ಕ್ಯಾಶಿನಲ್ಲಿ 340 ರೂಪಾಯಿ ‘ಇತರೆ’ ಅಂತ ಬರೆದಿದ್ದರೆ ಸಾಕು, ಅಂಗಡಿ ಗುಮಾಸ್ತನಿಗೆ ಬೆವರಿಳಿಸುತ್ತಾರೆ: ‘ಇದು ಕಾಫೀನಾ, ಆಟೋನಾ? ಬಿಲ್ ಎಲ್ಲಿ?’ ಇದೇ ಜನ ವರ್ಷಕ್ಕೊಮ್ಮೆ ದಿಲ್ಲಿಯ ಚಾರ್ಟರ್ಡ್ ಅಕೌಂಟೆಂಟ್ಸ್ (ಸಿಎ) ಇನ್‌ಸ್ಟಿಟ್ಯೂಟಿಗೆ 8,260 ರೂಪಾಯಿ ಕಟ್ಟುತ್ತಾರೆ. ಕೊಂಡಿದ್ದೇನು ಅಂತ ಒಬ್ಬರೂ ಕೇಳುವುದಿಲ್ಲ. ಲೆಡ್ಜರಿನಲ್ಲಿ ‘ಮೆಂಬರ್‌ಶಿಪ್’ ಅಂತ ಹಾಕಿ ಪುಟ ತಿರುಗಿಸುತ್ತಾರೆ. ನ್ಯಾಯವಾಗಿ ಆ ಎಂಟ್ರಿ ಹೋಗಬೇಕಾದ್ದು ‘ರೆಂಟ್’ ಖಾತೆಗೆ.

ಲೆಕ್ಕ ಸರಳ. ಫೆಲೋ ಸದಸ್ಯತ್ವಕ್ಕೆ 3,000. ಪ್ರಾಕ್ಟೀಸ್ ಮಾಡುವ ಪರವಾನಗಿಗೆ, ಅಂದರೆ ಸಿಒಪಿಗೆ, 4,000. ಮೇಲೆ ಶೇ 18 ಜಿಎಸ್‌ಟಿ, 1,260. ಇನ್ನೂ ಅಸೋಸಿಯೇಟ್ ಆಗಿರುವ ಕಿರಿಯರಿಗೆ 1,500 ಮತ್ತು 3,000, ಜಿಎಸ್‌ಟಿ ಸೇರಿ 5,310. ಐದು ವರ್ಷ ಪ್ರಾಕ್ಟೀಸ್ ಮುಗಿಸಿ ಫಾರಂ 3 ತುಂಬಿದರೆ ಅಸೋಸಿಯೇಟ್ ಅನ್ನುವ ಎಸಿಎ ಹೋಗಿ ಫೆಲೋ ಅನ್ನುವ ಎಫ್‌ಸಿಎ ಆಗುತ್ತದೆ. ಅಕ್ಷರ ಒಂದು, ವರ್ಷಕ್ಕೆ ಹೆಚ್ಚುವರಿ 2,950 ರೂಪಾಯಿ. ಆ ‘ಎಫ್’ ಮಾಡುವ ಕೆಲಸವೇನು? ವರ್ಷಕ್ಕೆ ಮಾಡಬಹುದಾದ ಟ್ಯಾಕ್ಸ್ ಆಡಿಟ್ ಇಬ್ಬರಿಗೂ 60. ಬ್ಯಾಲೆನ್ಸ್ ಶೀಟಿನ ಮೇಲೆ ಇಬ್ಬರ ಸಹಿಗೂ ಒಂದೇ ತೂಕ, ತಪ್ಪಾದರೆ ಇಬ್ಬರಿಗೂ ಒಂದೇ ನೋಟಿಸು. ದೊಡ್ಡ ಬ್ಯಾಂಕ್ ಆಡಿಟ್ ಹಂಚುವಾಗ ಸಂಸ್ಥೆಯಲ್ಲಿ ಎಷ್ಟು ಎಫ್‌ಸಿಎಗಳಿದ್ದಾರೆ ಅಂತ ಎಣಿಸುತ್ತಾರೆ, ನಿಜ. ಆದರೆ ಎರಡನೇ ಮಹಡಿಯ ಒಂಟಿ ಕೋಣೆಯಲ್ಲಿ ಕೂತು ಕಿರಾಣಿ ಅಂಗಡಿಗಳ ಲೆಕ್ಕ ಬರೆಯುವ ಆಡಿಟರಿಗೆ ಅದು ಜುಟ್ಟಿನ ಮಲ್ಲಿಗೆ. ದರ ಮಾತ್ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ್ದು, ವರ್ಷಪೂರ್ತಿ.

ಹಾಗಾದರೆ ಈ ದುಡ್ಡಿಗೆ ಏನೂ ಸಿಗುವುದಿಲ್ಲವೇ? ಛೆ, ಯುಡಿನ್ ಸಿಗುತ್ತದೆ! ಆಡಿಟರ್ ಅಲ್ಲದವರೂ ಆಡಿಟರ್ ಹೆಸರಲ್ಲಿ ಸಹಿ ಗೀಚುತ್ತಿದ್ದರೆಂದು 2019ರಲ್ಲಿ, ಸಹಿ ಹಾಕಿದ ಪ್ರತಿ ದಾಖಲೆಗೂ ಹಂತಹಂತವಾಗಿ ಕಡ್ಡಾಯವಾದ 18 ಅಂಕಿ–ಅಕ್ಷರಗಳ ಸಂಖ್ಯೆ ಇದು. ಮೊದಲೆರಡು ಅಂಕಿ ವರ್ಷದ್ದು, ನಂತರದ ಆರು ಸದಸ್ಯತ್ವ ಸಂಖ್ಯೆ, ಉಳಿದ ಹತ್ತು ಯಂತ್ರದ ಪ್ರಸಾದ. ಮಗನ ವೀಸಾಕ್ಕೆ ನೆಟ್‌ವರ್ತ್ ಸರ್ಟಿಫಿಕೇಟ್ ಬೇಕೆಂದು ಚಿಕ್ಕಪೇಟೆಯ ಸೇಠ್ ಬಂದು ಕೂತರೆ, ಆಡಿಟರು ಪೋರ್ಟಲ್ ತೆರೆದು ದಾಖಲೆಯ ಬಗೆ ಆರಿಸಿ, ಸಹಿಯ ತಾರೀಕು ಹಾಕಿ, ಸರ್ಟಿಫಿಕೇಟಿನ ಮುಖ್ಯ ಮೊತ್ತ ತುಂಬಿ, ವಿವರ ಬರೆದು, ಓಟಿಪಿಗೆ ಕಾಯಬೇಕು. ಸೇಠ್ ಅಷ್ಟೂ ಹೊತ್ತು ಕಾಫಿ ಕುಡಿದು ಕೊನೆಗೆ, ‘ಒಂದು ಸೈನು ತಾನೇ ಆಡಿಟ್ರೇ, ಅದಕ್ಕೂ ಫೀಸಾ?’ ಅನ್ನುತ್ತಾರೆ. ಶುಲ್ಕ ಕಟ್ಟಿರದಿದ್ದರೆ ಈ ಸಂಖ್ಯೆ ಹುಟ್ಟುವುದಿಲ್ಲ. ಸಂಖ್ಯೆ ಇಲ್ಲದ ಸಹಿ ಬರೀ ಶಾಯಿ. ವರ್ಷಗಟ್ಟಲೆ ಓದಿ, ಗ್ರೂಪ್ ಗ್ರೂಪಾಗಿ ಫೇಲಾಗಿ ಗಳಿಸಿದ ಸಹಿಯಲ್ಲಿ ಈಗ ಆಡಿಟರು ಬಾಡಿಗೆದಾರ.

ಕಂಪನಿಯಲ್ಲಿ ಸಂಬಳಕ್ಕಿರುವ ಸಿಎಗಳ ಸ್ಥಿತಿ ಇನ್ನೂ ಸೊಗಸು. ಅವರಿಗೆ ಸಿಒಪಿ ಬೇಡ, ಯುಡಿನ್ನೂ ಇಲ್ಲ. ಅವರು ಕಟ್ಟುವ 1,770 ಅಥವಾ 3,540 ರೂಪಾಯಿ ಹೆಸರಿನ ಮುಂದಿನ ಎರಡಕ್ಷರಕ್ಕೆ. ಬಿಟ್ಟರೆ ಪಾಸಾದ ಪರೀಕ್ಷೆ ಪಾಸಾಗಿಯೇ ಇರುತ್ತದೆ, ‘ಸಿಎ’ ಅಂತ ಬರೆದುಕೊಳ್ಳುವ ಹಕ್ಕು ಹೋಗುತ್ತದೆ. ಇನ್ನೊಬ್ಬರಿಗೆಲ್ಲ ತೆರಿಗೆ ಉಳಿಸಿಕೊಡುವ ಈ ತಜ್ಞರು ಇದೊಂದು ಖರ್ಚನ್ನು ತಮ್ಮ ಸಂಬಳದಿಂದ ಕಳೆಯಲು ಹೊರಟರೆ ಆದಾಯ ತೆರಿಗೆ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ನಿನಲ್ಲೇ ಎಲ್ಲ ಬಂತಂತೆ.

ಪ್ರಾಕ್ಟೀಸಿನವರಿಗಾದರೂ 1,260ರ ಜಿಎಸ್‌ಟಿ ಕ್ರೆಡಿಟ್, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುವ ಐಟಿಸಿ, ಸಿಗಬೇಕಲ್ಲ? ಸಿಗುತ್ತದೆ, ಹಣ ಕಟ್ಟುವ ಮುಂಚೆಯೇ ಇನ್‌ವಾಯ್ಸಿಗೆ ತಮ್ಮ ಜಿಎಸ್‌ಟಿ ನೋಂದಣಿ ಸಂಖ್ಯೆ ಸೇರಿಸಿದ್ದರೆ. ಮರೆತರೆ ಬಿಲ್ಲು ಸಾಮಾನ್ಯ ಗ್ರಾಹಕನ ಲೆಕ್ಕಕ್ಕೆ ಹೋಗುತ್ತದೆ, ಕ್ರೆಡಿಟ್ಟಿನ ಪಟ್ಟಿಯಾದ 2ಬಿಯಲ್ಲಿ ಕಾಣುವುದೇ ಇಲ್ಲ. ಪಾಲುದಾರಿಕೆ ಸಂಸ್ಥೆಯಾದರೆ ಮತ್ತೊಂದು ತಮಾಷೆ: ಸದಸ್ಯತ್ವ ವ್ಯಕ್ತಿಯದು, ಜಿಎಸ್‌ಟಿ ನೋಂದಣಿ ಸಂಸ್ಥೆಯದು. ಕ್ಲೈಂಟಿನ ಪುಸ್ತಕದಲ್ಲಿ ಇಂಥ ಬಿಲ್ಲು ಕಂಡರೆ ‘ಐಟಿಸಿ ಅನರ್ಹ’ ಅಂತ ಕೆಂಪು ಶಾಯಿಯಲ್ಲಿ ಬರೆಯುವವರು ಯಾರು? ಇವರೇ.

ಇಷ್ಟು ಕಟ್ಟಿದ ಮೇಲೆ ಕಲಿಯಲೂ ಬೇಕು. ಮೂರು ವರ್ಷಕ್ಕೆ 120 ಗಂಟೆ ಸಿಪಿಇ, ಅಂದರೆ ವೃತ್ತಿಯ ಮುಂದುವರಿದ ಕಲಿಕೆ. ಸೆಮಿನಾರಿನ ಶುಲ್ಕ ಬೇರೆ, ಅದರ ಮೇಲೆ ಮತ್ತೆ ಜಿಎಸ್‌ಟಿ. ಗಂಟೆಗಳ ಲೆಕ್ಕಕ್ಕೆ ಹಾಜರಿ ಮುಖ್ಯ, ಊಟ ಚೆನ್ನಾಗಿದ್ದರೆ ಜ್ಞಾನವೂ ದಕ್ಕಿತು. ಅತ್ತ ಕರ್ನಾಟಕ ಸರ್ಕಾರ ಅನುಭವಿ ಆಡಿಟರಿಂದ ವರ್ಷಕ್ಕೆ 2,500 ವೃತ್ತಿ ತೆರಿಗೆ ಎತ್ತುತ್ತದೆ. ಕೆಲಸ ಮಾಡಲು ದಿಲ್ಲಿಗೆ, ಮಾಡಿದ್ದಕ್ಕೆ ಬೆಂಗಳೂರಿಗೆ.

ಅತ್ಯಂತ ಕಲಾತ್ಮಕವಾದದ್ದು ಕೊನೆಯ ದಿನಾಂಕ. ಶುಲ್ಕದ ಬಾಕಿ ಏಪ್ರಿಲ್ 1ಕ್ಕೇ ಶುರು, ಗಡುವು ಸೆಪ್ಟೆಂಬರ್ 30. ಟ್ಯಾಕ್ಸ್ ಆಡಿಟ್ ವರದಿಯ ವಾಡಿಕೆಯ ಗಡುವೂ ಅದೇ ಸೆಪ್ಟೆಂಬರ್ 30. ಆರು ತಿಂಗಳು ಸಮಯವಿದ್ದರೂ, ಪ್ರಪಂಚಕ್ಕೆಲ್ಲ ‘ಕೊನೇ ದಿನದ ತನಕ ಕಾಯಬೇಡಿ’ ಅಂತ ವಾಟ್ಸ್ಆ್ಯಪ್ ಕಳಿಸಿದವರಿಗೆ ತಮ್ಮ ಶುಲ್ಕ ನೆನಪಾಗುವುದು ರಾತ್ರಿ ಹನ್ನೊಂದೂವರೆಗೆ. ಅವಸರದಲ್ಲಿ ಸದಸ್ಯತ್ವಕ್ಕೆ ಟಿಕ್ ಹಾಕಿ ಸಿಒಪಿಯನ್ನು ಬಿಟ್ಟವರುಂಟು. ಓಟಿಪಿ ಹಳೇ ನಂಬರಿಗೆ ಹೋದದ್ದುಂಟು. ಕೆಲವೊಮ್ಮೆ ಬ್ಯಾಂಕಿನಿಂದ ಹಣ ಹೋಗಿರುತ್ತದೆ, ಪೋರ್ಟಲ್ ಮಾತ್ರ ‘ಪೆಂಡಿಂಗ್’ ಅನ್ನುತ್ತದೆ. ಮತ್ತೊಮ್ಮೆ ಕಟ್ಟಿದರೆ ಎರಡು ಸಲ ಹೋದೀತು, ಕಟ್ಟದಿದ್ದರೆ ರಿಜಿಸ್ಟರಿನಿಂದ ಹೆಸರೇ ಹೋದೀತು. ಹೋದ ಹೆಸರು ವಾಪಸ್ ಬರಲು ಫಾರಂ 9, ಬಾಕಿ, ಜೊತೆಗೆ ಮರುಸೇರ್ಪಡೆ ಶುಲ್ಕ. ನಡುವಿನ ದಿನಗಳಲ್ಲಿ ಆಡಿಟ್ ವರದಿಗೆ ಸಹಿ ಹಾಕಿದ್ದರೆ ಶಿಸ್ತು ಸಮಿತಿ.

ಆಗಲೇ ಸೇಠ್ ಫೋನು ಬರುತ್ತದೆ. ‘ಆಡಿಟ್ರೇ, ಡೇಟ್ ಎಕ್ಸ್‌ಟೆಂಡ್ ಆಯ್ತಾ?’

‘ಯಾವುದರದ್ದು?’ ಅನ್ನುತ್ತಾರೆ ಆಡಿಟರು, ಪೇಜ್ ರಿಫ್ರೆಶ್ ಮಾಡುತ್ತಾ.