ಭುಜ ತಿರುಗಬೇಕು, ತೋಳು ಏರಿದರೆ ಸಾಲದು

ಭುಜ ಬಿಗಿಯಾಗಿದೆ, ಸ್ವಿಂಗ್ (ಕೋಲಿನ ಬೀಸು) ಪೂರ್ತಿ ಆಗ್ತಿಲ್ಲ ಎನ್ನುವ ನಮ್ಮ ಮೈಸೂರಿನ ಗಾಲ್ಫ್ ಗೆಳೆಯರು ಮೊದಲು ಪರೀಕ್ಷಿಸಬೇಕಾದ್ದು ಬೆನ್ನನ್ನು. ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿ ಕೂತವರ ಬೆನ್ನಿನ ಮೇಲ್ಭಾಗ ತಿರುಗುವುದನ್ನೇ ಮರೆತಿರುತ್ತದೆ.

ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊಣಕಾಲು ಜೋಡಿಸಿ, ಕ್ಲಬ್ಬನ್ನು (ಗಾಲ್ಫ್ ಕೋಲು) ಎದೆಗೆ ಅಡ್ಡ ಹಿಡಿದು ತಿರುಗಿ ನೋಡಿ. ಎರಡೂ ಕಡೆ 45 ಡಿಗ್ರಿ ಬಂದರೆ ಸರಿ. ಬಾರದಿದ್ದರೆ ಬ್ಯಾಕ್‌ಸ್ವಿಂಗಿನಲ್ಲಿ, ಅಂದರೆ ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ, ಆ ಕೊರತೆಯನ್ನು ಕೆಳಬೆನ್ನು ತುಂಬಲು ಹೋಗುತ್ತದೆ. ಅಲ್ಲಿನ ಬೆನ್ನುಮೂಳೆಯ ಐದು ಮಣಿಗಳು ಒಟ್ಟು ಸೇರಿ ಒಂದು ಕಡೆಗೆ 10–15 ಡಿಗ್ರಿಗಿಂತ ಹೆಚ್ಚು ತಿರುಗುವುದಿಲ್ಲ. ಆಟ ಮುಗಿದ ಮೇಲೆ ಸೊಂಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಪಳಗಿದ ಆಟಗಾರರಲ್ಲಿ ಬ್ಯಾಕ್‌ಸ್ವಿಂಗಿನ ಹೊತ್ತಿಗೆ ಭುಜ ಸುಮಾರು 90 ಡಿಗ್ರಿ, ಸೊಂಟ 45 ಡಿಗ್ರಿ ತಿರುಗುತ್ತದೆ. ಆದರೆ ಅಳತೆಗಿಂತ ಮುಖ್ಯವಾದದ್ದು ಓರೆ. ನಾವು ಮುಂದಕ್ಕೆ ಬಾಗಿ ನಿಂತಿರುವುದರಿಂದ ಬಲಗೈ ಆಟಗಾರರ ಎಡಭುಜ ಗದ್ದದ ಕೆಳಗೆ ಇಳಿಯುತ್ತಾ ತಿರುಗಬೇಕು. ಕ್ಲಬ್ಬನ್ನು ಭುಜಗಳ ಮೇಲೆ ಅಡ್ಡ ಇಟ್ಟು ತಿರುಗಿ, ಅದರ ಎಡತುದಿ ಎತ್ತ ನೋಡುತ್ತಿದೆ ಗಮನಿಸಿ. ಚೆಂಡಿನತ್ತ ಅಥವಾ ಅದರ ತುಸು ಆಚೆಗೆ ಇದ್ದರೆ ಒಳ್ಳೆಯದು. ದೂರದ ಮರಗಳತ್ತ ಇದ್ದರೆ ನೀವು ಎದ್ದುನಿಂತಿದ್ದೀರಿ. ಕಾಲ್ಬೆರಳ ಕಡೆಗಿದ್ದರೆ ಭುಜ ಬರೀ ವಾಲಿದೆ, ತಿರುಗಿಲ್ಲ. ದೂರ ಹೊಡೆಯುವ ಉದ್ದನೆಯ ಕ್ಲಬ್ ಆದ ಡ್ರೈವರ್‌ನಲ್ಲಿ ನಿಲುವು ನೆಟ್ಟಗಿರುವುದರಿಂದ ಈ ಓರೆ ಸ್ವಲ್ಪ ಕಡಿಮೆ.

ಎದೆ ನಿಂತ ಮೇಲೂ ತೋಳನ್ನು ಎತ್ತುತ್ತಾ ಹೋಗುವುದು ದೊಡ್ಡ ಕೇಡು. ಎಡಮೊಣಕೈ ಮಡಚುತ್ತದೆ. ಕ್ಲಬ್ ಕೆಳಗಿಳಿಯುವ ಡೌನ್‌ಸ್ವಿಂಗಿನಲ್ಲಿ ಬಲಭುಜ ಚೆಂಡಿನತ್ತ ನುಗ್ಗಿ, ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತದೆ. ಕ್ಲಬ್ಬಿನ ಮುಖ ತೆರೆದಿದ್ದರೆ ಸ್ಲೈಸ್ (ಚೆಂಡು ಬಲಕ್ಕೆ ಬಾಗುವುದು), ಮುಚ್ಚಿದ್ದರೆ ಚೆಂಡು ಸೀದಾ ಎಡಕ್ಕೆ. ಚೆಂಡಿನ ಆಚೆ, ಕ್ಲಬ್ಬಿನ ತಲೆಗೆ ತಾಗದಷ್ಟು ಅಂತರದಲ್ಲಿ ಹೆಡ್‌ಕವರ್ (ಕ್ಲಬ್ಬಿನ ತಲೆಗೆ ಹಾಕುವ ಚೀಲ) ಇಟ್ಟು 8 ಐರನ್ ಎಂಬ ಕ್ಲಬ್ಬಿನಲ್ಲಿ ಅರ್ಧ ಸ್ವಿಂಗ್ ಮಾಡಿ. ಕವರ್‌ಗೆ ಬಡಿದರೆ ಬಲಭುಜ ಅವಸರಪಟ್ಟಿರಬಹುದು. ಬ್ಯಾಕ್‌ಸ್ವಿಂಗಿನ ತುದಿಯಲ್ಲಿ ಒಂದು ಕ್ಷಣ ತಡೆದು, ಬೆನ್ನು ಇನ್ನೂ ಗುರಿಯ ಕಡೆಗಿರುವಾಗಲೇ ಎಡಗಾಲಿಗೆ ಭಾರ ಹಾಕುವುದನ್ನು ರೂಢಿಸಿಕೊಳ್ಳಿ.

ಸೊಂಟ ಅಲುಗದೆ ಭುಜ ಮಾತ್ರ ತಿರುಗಿಸಿ ಎಂಬ ಸಲಹೆಯನ್ನು ಐವತ್ತು ದಾಟಿದವರು ದಯವಿಟ್ಟು ಕೈಬಿಡಿ. ಬಲಪಾದವನ್ನು 20 ಡಿಗ್ರಿಯಷ್ಟು ಹೊರಕ್ಕೆ ತಿರುಗಿಸಿ ನಿಲ್ಲಿ, ಎಡಹಿಮ್ಮಡಿ ತಾನಾಗಿ ಏಳುವುದಾದರೆ ಏಳಲಿ. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಹಿಮ್ಮಡಿ ಎತ್ತಿಯೇ ಆಡಿದವರು.

ಮನೆಯಲ್ಲಿ ಮಾಡಲು ಒಂದೇ ವ್ಯಾಯಾಮ ಸಾಕು. ಪಕ್ಕಕ್ಕೆ ಮಲಗಿ, ಮೊಣಕಾಲು ಮಡಚಿ ಒಂದರ ಮೇಲೊಂದು ಇಟ್ಟು, ಮೇಲಿನ ಕೈಯನ್ನು ಉಸಿರು ಬಿಡುತ್ತಾ ಹಿಂದಕ್ಕೆ ತೆರೆಯಿರಿ. ಪ್ರತಿ ಬದಿಗೆ 8–10 ಸಲ. ಮೊಣಕಾಲು ಬೇರ್ಪಟ್ಟರೆ ಲಾಭವಿಲ್ಲ, ಸೊಂಟ ತಿರುಗಿಬಿಡುತ್ತದೆ. ನಮ್ಮೂರಲ್ಲಿ ಯೋಗ ಮಾಡುವವರು ಬಹಳ. ಅವರಿಗೆ ಕೂತು ಬೆನ್ನು ತಿರುಗಿಸುವ ಮರೀಚ್ಯಾಸನವೂ ಆಗುತ್ತದೆ, ಆದರೆ ಕೈಯಿಂದ ಮಂಡಿಯನ್ನು ಒತ್ತಿ ಬಲವಂತವಾಗಿ ತಿರುಗಬಾರದು.

ಎಡತೋಳು ಎದೆಯ ಅಡ್ಡಕ್ಕೆ ಬಂದಾಗ ಚುಚ್ಚುವ ನೋವು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ನೋವು ಇದ್ದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಹಿಡಿದುಕೊಳ್ಳುವ ತೊಂದರೆ ಹೆಚ್ಚು. ಅದನ್ನು ಎಳೆದೆಳೆದು ಬಿಡಿಸಲು ಹೋದರೆ ನೋವು ಜಾಸ್ತಿಯಾಗುತ್ತದೆ.